ಒಂದು ಮನೆ, ಹಲವು ವಿಳಾಸ: ಹೊಸದಾಗಿ ಊರಿಗೆ ಬಂದ ಕುಟುಂಬ ಮತ್ತು ಕನ್ನಡ ಶಾಲೆ

ಕಾಸರಗೋಡಿನ ಕನ್ನಡ ಶಾಲೆಗಳಿಗೆ ಹೊಸ ಮಕ್ಕಳು ಬರುವುದು ಜೂನ್ ತಿಂಗಳಲ್ಲಿ ಮಾತ್ರವಲ್ಲ. ಅಕ್ಟೋಬರಿನಲ್ಲೋ ಜನವರಿಯಲ್ಲೋ ಒಂದು ಬೆಳಗ್ಗೆ ತಂದೆಯೊಬ್ಬರು ಮಗುವಿನ ಕೈಹಿಡಿದು ಶಾಲೆಯ ಜಗಲಿಯಲ್ಲಿ ನಿಂತಿರುತ್ತಾರೆ. ಬಾಗಲಕೋಟೆ, ಕೊಪ್ಪಳ, ಗದಗದ ಕಡೆಯಿಂದ ಕೆಂಪುಕಲ್ಲಿನ ಕ್ವಾರಿಗೋ ರಸ್ತೆ ಕೆಲಸಕ್ಕೋ ಬಂದವರು. ಬಾಡಿಗೆಯ ಒಂದು ಕೋಣೆ ಸಿಕ್ಕಿರುತ್ತದೆ. ಊರಿನ ಪರಿಚಯ ಇನ್ನೂ ಆಗಿರುವುದಿಲ್ಲ. ಅವರು ಹೇಳುವ ಮಾತು ಹೆಚ್ಚುಕಡಿಮೆ ಒಂದೇ ಬಗೆಯದು: “ಟಿ.ಸಿ. ಊರ ಸಾಲ್ಯಾಗ ಐತ್ರಿ ಸರ. ತರಾಕ ಹೋದ್ರ ಮೂರು ದಿನದ ಪಗಾರ ಹೊಕ್ಕೈತ್ರಿ.”

ಇನ್ನೊಂದು ಬಗೆಯ ಹೊಸಬರೂ ಇದ್ದಾರೆ. ಪುತ್ತೂರು, ಸುಳ್ಯದ ಕಡೆಯಿಂದ ಮದುವೆಯಾಗಿ ಗಡಿ ದಾಟಿ ಬಂದ ಸೊಸೆಯಂದಿರು. ಮಾತು, ಅಡುಗೆ, ಹಬ್ಬ ಯಾವುದೂ ಅವರಿಗೆ ಹೊಸತಲ್ಲ. ಕಚೇರಿಗಳು ಮಾತ್ರ ಹೊಸತು. ಐದಾರು ವರ್ಷಗಳ ಅನಂತರ ಅವರೇ ಮಗುವಿನ ಕಾಗದಪತ್ರಗಳೊಡನೆ ಒಂದನೆಯ ತರಗತಿಯ ಬಾಗಿಲಿಗೆ ಬರುತ್ತಾರೆ.

ಈ ಎರಡೂ ಬಗೆಯ ಕುಟುಂಬಗಳಿಗೆ ಹೊಸ ಊರಿನಲ್ಲಿ ಕನ್ನಡ ಓದಬಲ್ಲ, ಮಲಯಾಳವನ್ನೂ ಅರ್ಥಮಾಡಿಕೊಳ್ಳಬಲ್ಲ, ಸರಕಾರದ ಕಾಗದದ ರೀತಿನೀತಿ ತಿಳಿದ ಮೊದಲ ವ್ಯಕ್ತಿ ಬಹುಮಟ್ಟಿಗೆ ಕನ್ನಡ ಅಧ್ಯಾಪಕರೇ ಆಗಿರುತ್ತಾರೆ. ಆದುದರಿಂದ ‘ಯಾವ ಕೆಲಸಕ್ಕೆ ಎಲ್ಲಿಗೆ ಹೋಗಬೇಕು, ಅಲ್ಲಿನ ನಿಯಮವೇನು’ ಎಂಬ ಪ್ರಶ್ನೆ ಶಾಲೆಗೆ ಹೊರಗಿನದಲ್ಲ. ಈ ಪ್ರಶ್ನೆಗೆ ಉತ್ತರ ಸಿಗದೆ ಹೋದರೆ ಮಗು ವಾರಗಟ್ಟಲೆ ಕೋಣೆಯಲ್ಲಿ ತಮ್ಮ ತಂಗಿಯರನ್ನು ನೋಡಿಕೊಳ್ಳುತ್ತ ಉಳಿಯುತ್ತದೆ. ಕೆಲವೊಮ್ಮೆ ಓದೇ ನಿಂತುಹೋಗುತ್ತದೆ. ಅಧ್ಯಾಪಕರು ಇಂತಹ ಸಂದರ್ಭದಲ್ಲಿ ತಿಳಿದಿರಬೇಕಾದ ಸಂಗತಿಗಳನ್ನು ಈ ಲೇಖನವು ಕಾಸರಗೋಡು ಜಿಲ್ಲೆಯನ್ನು ಮುಂದಿಟ್ಟುಕೊಂಡು ವಿವರಿಸುತ್ತದೆ.

ಒಂದು ಮನೆಗೆ ಹಲವು ವಿಳಾಸ

ಅಂಚೆಯವನಿಗೆ ಒಂದು ಮನೆಗೆ ಒಂದೇ ವಿಳಾಸ. ಸರಕಾರಕ್ಕೆ ಹಾಗಲ್ಲ. ಅದೇ ಮನೆ ಸ್ಥಳೀಯಾಡಳಿತದ ಲೆಕ್ಕದಲ್ಲಿ ಒಂದು ವಾರ್ಡು, ಕಂದಾಯ ಇಲಾಖೆಯ ಲೆಕ್ಕದಲ್ಲಿ ಒಂದು ಗ್ರಾಮ, ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಒಂದು ಉಪಜಿಲ್ಲೆ, ವಿದ್ಯುತ್ ಮಂಡಳಿಯ ಲೆಕ್ಕದಲ್ಲಿ ಒಂದು ಸೆಕ್ಷನ್. ಈ ಗಡಿಗಳು ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ.

ಕಾಸರಗೋಡು ಜಿಲ್ಲೆ 1984ರ ಮೇ 24ರಂದು ರೂಪುಗೊಂಡಿತು. ಇಂದು ಅದರಲ್ಲಿ ಮಂಜೇಶ್ವರ, ಕಾಸರಗೋಡು, ಹೊಸದುರ್ಗ, ವೆಳ್ಳರಿಕುಂಡು ಎಂಬ 4 ತಾಲೂಕುಗಳಿವೆ. ಸ್ಥಳೀಯಾಡಳಿತದ ಕಡೆಯಲ್ಲಿ 38 ಗ್ರಾಮ ಪಂಚಾಯತುಗಳು, 6 ಬ್ಲಾಕ್ ಪಂಚಾಯತುಗಳು, 3 ನಗರಸಭೆಗಳಿವೆ. ಶಿಕ್ಷಣ ಇಲಾಖೆಗೆ 2 ಶಿಕ್ಷಣ ಜಿಲ್ಲೆಗಳು ಮತ್ತು 7 ಉಪಜಿಲ್ಲೆಗಳು. ನೀರ್ಚಾಲಿನ ಒಂದು ಮನೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದರ ಗ್ರಾಮ ಪಂಚಾಯತು ಬದಿಯಡ್ಕ. ಬ್ಲಾಕ್ ಮತ್ತು ತಾಲೂಕು ಕಾಸರಗೋಡು. ಅಲ್ಲಿನ ಶಾಲೆಯ ಶಿಕ್ಷಣ ಉಪಜಿಲ್ಲೆ ಕುಂಬಳೆ. ‘ನಮ್ಮದು ಯಾವ ಕಚೇರಿ?’ ಎಂದು ಕೇಳಿದರೆ ಕೆಲಸ ಯಾವುದೆಂದು ತಿಳಿಯದೆ ಉತ್ತರ ಹೇಳಲಾಗುವುದಿಲ್ಲ.

ಹೊಸಬರು ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆಯುವುದಕ್ಕೆ ಮುಖ್ಯ ಕಾರಣ ಇದೇ. ‘ಇಲ್ಲಿ ಆಗುವುದಿಲ್ಲ’ ಎಂದು ಕಿಟಕಿಯಾಚೆಯಿಂದ ಬಂದ ಮಾತನ್ನು ಅವರು ‘ನಿಮಗೆ ಹಕ್ಕಿಲ್ಲ’ ಎಂದು ತಿಳಿಯುತ್ತಾರೆ. ಅನೇಕ ಸಲ ಅದರ ಅರ್ಥ ‘ನಿಮ್ಮ ಮನೆ ಈ ಕಚೇರಿಯ ವ್ಯಾಪ್ತಿಯಲ್ಲಿಲ್ಲ’ ಎಂದಷ್ಟೇ. ಈ ಎರಡರ ವ್ಯತ್ಯಾಸವನ್ನು ತಿಳಿಸಿ ಹೇಳುವುದು ಅಧ್ಯಾಪಕರು ಮಾಡಬಹುದಾದ ಮೊದಲ ಸಹಾಯ.

ಬಾಡಿಗೆಗೆ ಬಂದವರು ಮೊದಲು ಮೂರು ವಿಷಯಗಳನ್ನು ಮನೆಯ ಮಾಲಕರಿಂದ ಕೇಳಿ ಬರೆದಿಟ್ಟುಕೊಳ್ಳಬೇಕು: ಪಂಚಾಯತಿನ ಹೆಸರು, ವಾರ್ಡು ಮತ್ತು ಮನೆ ಸಂಖ್ಯೆ, ಕಂದಾಯ ಗ್ರಾಮದ ಹೆಸರು, ವಿದ್ಯುತ್ ಬಿಲ್ಲಿನ ಮೇಲಿರುವ ಸೆಕ್ಷನ್ ಮತ್ತು ಗ್ರಾಹಕ ಸಂಖ್ಯೆ. ಮೊದಲನೆಯದು ಮನೆ ತೆರಿಗೆಯ ರಶೀದಿಯಲ್ಲಿ, ಎರಡನೆಯದು ಭೂಕಂದಾಯದ ರಶೀದಿಯಲ್ಲಿ ಇರುತ್ತದೆ. ವಾರ್ಡುಗಳ ಪುನರ್ವಿಂಗಡಣೆ ಕಾಲಕಾಲಕ್ಕೆ ನಡೆಯುವುದರಿಂದ ಹಳೆಯ ಕಾಗದದಲ್ಲಿರುವ ವಾರ್ಡು ಸಂಖ್ಯೆಯನ್ನೇ ನಂಬುವಂತಿಲ್ಲ. ವಾರ್ಡಿನ ಮೆಂಬರರನ್ನೋ ಆಶಾ ಕಾರ್ಯಕರ್ತೆಯನ್ನೋ ಕೇಳಿದರೆ ಈಗಿನ ಸಂಖ್ಯೆ ತಿಳಿಯುತ್ತದೆ.

ಹೆಸರು ಬದಲಾದ ಬಾಗಿಲುಗಳು

ಕರ್ನಾಟಕದಿಂದ ಬಂದವರು ತಮಗೆ ಪರಿಚಿತವಾದ ಹೆಸರುಗಳನ್ನೇ ಇಲ್ಲಿ ಹುಡುಕುತ್ತಾರೆ. ಜಾತಿ, ಆದಾಯ ಪ್ರಮಾಣಪತ್ರಗಳಿಗೆ ಅಲ್ಲಿ ನಾಡಕಚೇರಿ. ಇಲ್ಲಿ ವಿಲೇಜ್ ಆಫೀಸು. ಅರ್ಜಿ ತುಂಬಲು ಅಲ್ಲಿ ಗ್ರಾಮ ಒನ್. ಇಲ್ಲಿ ಅಕ್ಷಯ ಕೇಂದ್ರ. ಮಲಪ್ಪುರಂ ಜಿಲ್ಲೆಯಲ್ಲಿ 2002ರಲ್ಲಿ ಆರಂಭವಾದ ಅಕ್ಷಯ ಕೇಂದ್ರಗಳು ಇಂದು ಪೇಟೆಪೇಟೆಯಲ್ಲೂ ಇವೆ. ಅಕ್ಷಯ ಕೇಂದ್ರವು ಅರ್ಜಿಯನ್ನು ಗಣಕದ ಮೂಲಕ ಕಳಿಸುವ ಸ್ಥಳ. ತೀರ್ಮಾನ ಮಾಡುವ ಸ್ಥಳವಲ್ಲ. ಅಲ್ಲಿ ಅರ್ಜಿ ಕೊಟ್ಟ ಮೇಲೆ ತೀರ್ಮಾನಕ್ಕಾಗಿ ನೋಡಬೇಕಾದುದು ವಿಲೇಜ್ ಆಫೀಸರರನ್ನೋ ತಹಶೀಲ್ದಾರರನ್ನೋ.

ಪಂಚಾಯತಿನಲ್ಲಿ ಪಿ.ಡಿ.ಒ. ಯಾರೆಂದು ಕೇಳಿದರೆ ಇಲ್ಲಿ ಉತ್ತರ ಸಿಗದು. ಇಲ್ಲಿರುವವರು ಪಂಚಾಯತು ಕಾರ್ಯದರ್ಶಿ. ಶಿಕ್ಷಣದಲ್ಲಿ ಬಿ.ಇ.ಒ. ಎಂದರೆ ಇಲ್ಲಿ ಎ.ಇ.ಒ., ಅಂದರೆ ಉಪಜಿಲ್ಲಾ ಶಿಕ್ಷಣಾಧಿಕಾರಿ. ಹೆಸ್ಕಾಂ, ಮೆಸ್ಕಾಂಗಳ ಬದಲು ಕೆ.ಎಸ್.ಇ.ಬಿ. ಭೂಮಿಯ ದಾಖಲೆ ಕೇಳಿದಾಗ ‘ಪಹಣಿ ತನ್ನಿ’ ಎಂಬ ಮಾತು ಇಲ್ಲಿ ಕೇಳಿಬರುವುದಿಲ್ಲ. ಇಲ್ಲಿ ಕೇಳುವುದು ತಂಡಪೇರು ಸಂಖ್ಯೆಯನ್ನೂ ಭೂಕಂದಾಯದ ರಶೀದಿಯನ್ನೂ.

ಪಂಚಾಯತು ಮತ್ತು ವಿಲೇಜ್ ಆಫೀಸು ಇವೆರಡನ್ನು ಒಂದೇ ಎಂದು ಭಾವಿಸುವುದು ಹೊಸಬರಲ್ಲಿ ಸಾಮಾನ್ಯ. ಪಂಚಾಯತು ಜನರು ಆರಿಸಿದ ಸಂಸ್ಥೆ. ಜನನ, ಮರಣ, ವಿವಾಹಗಳ ನೋಂದಣಿ, ಮನೆ ಸಂಖ್ಯೆ, ಕಟ್ಟಡ ತೆರಿಗೆ, ಕಸ, ದಾರಿದೀಪ, ಪಿಂಚಣಿಯ ಅರ್ಜಿ ಇವು ಅಲ್ಲಿನ ಕೆಲಸಗಳು. ವಿಲೇಜ್ ಆಫೀಸು ಕಂದಾಯ ಇಲಾಖೆಯ ತುದಿಯ ಕಚೇರಿ. ಭೂಕಂದಾಯ, ಆದಾಯ, ಜಾತಿ ಮತ್ತು ಸ್ವಾಧೀನದ ಪ್ರಮಾಣಪತ್ರಗಳು ಅಲ್ಲಿನ ಕೆಲಸ. ‘ಮನುಷ್ಯರ ಹುಟ್ಟು, ಸಾವು, ಮನೆ, ಕಸ ಪಂಚಾಯತಿಗೆ, ನೆಲ, ಜಾತಿ, ಆದಾಯ ವಿಲೇಜಿಗೆ’ ಎಂದು ಸರಳವಾಗಿ ಹೇಳಿಕೊಟ್ಟರೆ ಹೊಸಬರ ಅರ್ಧ ಅಲೆದಾಟ ತಪ್ಪುತ್ತದೆ.

ಮೊದಲು ತರಗತಿ, ಆಮೇಲೆ ಕಾಗದ

ಜಗಲಿಯಲ್ಲಿ ನಿಂತ ತಂದೆಯ ಮಾತಿಗೆ ಕಾನೂನಿನಲ್ಲಿ ಸ್ಪಷ್ಟವಾದ ಉತ್ತರವಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂದಿತು. 6ರಿಂದ 14 ವರ್ಷದ ಮಕ್ಕಳಿಗೆ ಅನ್ವಯವಾಗುವ ಈ ಕಾಯ್ದೆಯ 5ನೆಯ ಪ್ರಕರಣದ ಪ್ರಕಾರ, ಯಾವುದೇ ಕಾರಣದಿಂದ ಮಗು ರಾಜ್ಯದೊಳಗೋ ಬೇರೆ ರಾಜ್ಯಕ್ಕೋ ಹೋಗಬೇಕಾದಾಗ ಸರಕಾರಿ ಇಲ್ಲವೆ ಅನುದಾನಿತ ಶಾಲೆಗೆ ವರ್ಗಾವಣೆ ಕೇಳುವ ಹಕ್ಕು ಅದಕ್ಕಿದೆ. ಹಿಂದಿನ ಶಾಲೆಯ ಮುಖ್ಯೋಪಾಧ್ಯಾಯರು ವರ್ಗಾವಣೆ ಪತ್ರವನ್ನು ಕೂಡಲೇ ಕೊಡಬೇಕು. ಆ ಪತ್ರ ಬರುವುದು ತಡವಾಯಿತೆಂದು ಹೊಸ ಶಾಲೆ ಪ್ರವೇಶವನ್ನು ತಡೆಯುವಂತಿಲ್ಲ, ಮುಂದೂಡುವಂತೆಯೂ ಇಲ್ಲ.

14ನೆಯ ಪ್ರಕರಣವು ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವುದನ್ನು ತಡೆಯುತ್ತದೆ. 15ನೆಯ ಪ್ರಕರಣವು ಶಾಲಾ ವರ್ಷದ ನಡುವೆ ಬಂದ ಮಗುವನ್ನೂ ಸೇರಿಸಿಕೊಳ್ಳಬೇಕೆನ್ನುತ್ತದೆ. ಶಾಲೆಯ ಮುಖವನ್ನೇ ಕಾಣದ, ಇಲ್ಲವೆ ನಡುವೆ ಓದು ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಸರಿಗಟ್ಟಲು ವಿಶೇಷ ತರಬೇತಿ ಕೊಡಬೇಕೆಂಬುದು 4ನೆಯ ಪ್ರಕರಣದ ಆಶಯ. ಒಂಬತ್ತನೆಯ ತರಗತಿಯಿಂದ ಮೇಲಕ್ಕೆ ಮಾತ್ರ ವಿಷಯ ಬೇರೆ. ಅಲ್ಲಿ ಕೇರಳ ಶಿಕ್ಷಣ ನಿಯಮಗಳಂತೆ ದಾಖಲೆಗಳು ಬೇಕಾಗುತ್ತವೆ. ಆದುದರಿಂದ ದೊಡ್ಡ ಮಕ್ಕಳ ವಿಷಯದಲ್ಲಿ ಎ.ಇ.ಒ. ಇಲ್ಲವೆ ಡಿ.ಇ.ಒ. ಕಚೇರಿಯನ್ನು ಮೊದಲೇ ಕೇಳಿಕೊಳ್ಳುವುದು ಒಳಿತು.

ಹೀಗಾಗಿ ಎಂಟನೆಯ ತರಗತಿಯವರೆಗೆ ಕ್ರಮ ಸರಳ: ಮಗು ಆ ದಿನವೇ ತರಗತಿಯಲ್ಲಿ ಕೂರಲಿ, ಮಧ್ಯಾಹ್ನದ ಊಟಕ್ಕೆ ಸೇರಲಿ, ಹಿಂದಿನ ಶಾಲೆಗೆ ಮುಖ್ಯೋಪಾಧ್ಯಾಯರು ಅಂದೇ ಪತ್ರ ಬರೆಯಲಿ. ತಂದೆ ಊರಿಗೆ ಹೋಗಿ ಮೂರು ದಿನದ ಕೂಲಿ ಕಳೆದುಕೊಳ್ಳಬೇಕಾಗಿಲ್ಲ. ಎರಡು ಶಾಲೆಗಳೂ ಕನ್ನಡ ಶಾಲೆಗಳೇ ಆಗಿರುವಾಗ ಒಂದು ಪುಟದ ಕನ್ನಡ ಪತ್ರ ಮತ್ತು ಒಂದು ದೂರವಾಣಿ ಕರೆ ಬಹಳ ಕೆಲಸ ಮಾಡುತ್ತವೆ.

ಪ್ರವೇಶದ ಸಮಯದಲ್ಲಿ ಎಚ್ಚರ ಬೇಕಾದುದು ಹೆಸರಿನ ವಿಷಯದಲ್ಲಿ. ಉತ್ತರ ಕರ್ನಾಟಕದಲ್ಲಿ ಮಗುವಿನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮ ರೂಢಿಯಲ್ಲಿದೆ. ಕೇರಳದಲ್ಲಿ ಹೆಸರಿನ ಮುಂದೆಯೋ ಹಿಂದೆಯೋ ಒಂದೆರಡು ಅಕ್ಷರಗಳ ಇನಿಶಿಯಲ್ ಇರುತ್ತದೆ. ಊರಿನ ರೂಢಿಗೆ ಹೊಂದಿಸುವ ಭರದಲ್ಲಿ ಶಾಲೆಯ ದಾಖಲೆಯಲ್ಲೂ ‘ಸಂಪೂರ್ಣ’ ತಂತ್ರಾಂಶದಲ್ಲೂ ಹೆಸರನ್ನು ಮೊಟಕುಗೊಳಿಸಿದರೆ, ಹತ್ತನೆಯ ತರಗತಿಯ ಪ್ರಮಾಣಪತ್ರ, ಆಧಾರ್, ಜನನ ಪ್ರಮಾಣಪತ್ರ ಮೂರರಲ್ಲಿ ಮೂರು ಹೆಸರುಗಳಾಗುತ್ತವೆ. ತಿದ್ದುಪಡಿಗೆ ಆ ಮಗು ಮುಂದೆ ಎರಡು ರಾಜ್ಯಗಳ ಕಚೇರಿಗಳನ್ನು ಹತ್ತಿಳಿಯಬೇಕಾಗುತ್ತದೆ. ಜನನ ಪ್ರಮಾಣಪತ್ರದಲ್ಲಿರುವ ಅಕ್ಷರಗಳನ್ನು ಇದ್ದಂತೆಯೇ ನಕಲು ಮಾಡುವುದೇ ಸುರಕ್ಷಿತ ಮಾರ್ಗ.

ಹುಟ್ಟಿದ ಊರು, ಇರುವ ಊರು

ಕೆಲವು ದಾಖಲೆಗಳು ಮನುಷ್ಯನೊಂದಿಗೆ ಊರಿಂದೂರಿಗೆ ಬರುತ್ತವೆ; ಕೆಲವು ಹುಟ್ಟಿದ ಸ್ಥಳದಲ್ಲೇ ಉಳಿಯುತ್ತವೆ. ಈ ಭೇದ ತಿಳಿಯದಿರುವುದರಿಂದ ಆಗುವ ಅಲೆದಾಟವೇ ಹೆಚ್ಚು.

ಜನನವನ್ನು ನೋಂದಾಯಿಸುವುದು ತಂದೆತಾಯಿ ವಾಸಿಸುವ ಊರಿನಲ್ಲಲ್ಲ, ಹೆರಿಗೆ ನಡೆದ ಊರಿನಲ್ಲಿ. 1969ರ ಜನನ ಮರಣ ನೋಂದಣಿ ಕಾಯ್ದೆಯ ಮೂಲತತ್ವ ಇದು. ಕಾಸರಗೋಡಿನ ಅನೇಕ ತಾಯಂದಿರು ಹೆರಿಗೆಗೆ ಮಂಗಳೂರಿನ ಆಸ್ಪತ್ರೆಗಳಿಗೆ ಹೋಗುತ್ತಾರೆ. ಹಾಗೆ ಹುಟ್ಟಿದ ಮಗುವಿನ ಜನನ ಪ್ರಮಾಣಪತ್ರ ಅದರ ಅಜ್ಜನ ಕಾಲದಿಂದ ಮಂಜೇಶ್ವರದಲ್ಲೇ ನೆಲೆಸಿದ ಕುಟುಂಬವಾದರೂ ಮಂಜೇಶ್ವರ ಪಂಚಾಯತಿನಲ್ಲಿ ಸಿಗದು. ಅದನ್ನು ಕರ್ನಾಟಕದ ನೋಂದಣಿ ಕಚೇರಿಯಿಂದಲೇ ಪಡೆಯಬೇಕು. ಅದೇ ರೀತಿ ಕಾಸರಗೋಡಿನ ಆಸ್ಪತ್ರೆಯಲ್ಲಿ ಹುಟ್ಟಿದ ಹುನಗುಂದದ ಕೂಲಿಕಾರರ ಮಗುವಿನ ಜನನ ಇಲ್ಲಿನ ಸ್ಥಳೀಯ ಸಂಸ್ಥೆಯಲ್ಲಿ ದಾಖಲಾಗಿರುತ್ತದೆ. ಅವರು ಕೆಲಸ ಮುಗಿಸಿ ಊರಿಗೆ ಮರಳುವ ಮುನ್ನ ಮಗುವಿನ ಹೆಸರು ಸೇರಿಸಿದ ಪ್ರಮಾಣಪತ್ರವನ್ನು ಪಡೆದುಕೊಳ್ಳುವಂತೆ ಹೇಳುವುದು ದೊಡ್ಡ ಉಪಕಾರ. ನೋಂದಣಿಗೆ ಮಾಹಿತಿ ಕೊಡಬೇಕಾದ ಸಾಮಾನ್ಯ ಅವಧಿ 21 ದಿನ. 2023ರ ತಿದ್ದುಪಡಿ ಆ ವರ್ಷದ ಅಕ್ಟೋಬರ್ 1ರಿಂದ ಜಾರಿಗೆ ಬಂದ ಮೇಲೆ, ಅಂದಿನಿಂದ ಹುಟ್ಟಿದ ಮಕ್ಕಳಿಗೆ ಶಾಲಾ ಪ್ರವೇಶವೂ ಸೇರಿದಂತೆ ಹಲವು ಉದ್ದೇಶಗಳಿಗೆ ಹುಟ್ಟಿದ ದಿನ ಮತ್ತು ಸ್ಥಳವನ್ನು ತೋರಿಸುವ ದಾಖಲೆ ಜನನ ಪ್ರಮಾಣಪತ್ರವೇ. ಮುಂದಿನ ಕೆಲವು ವರ್ಷಗಳಲ್ಲಿ ಒಂದನೆಯ ತರಗತಿಗೆ ಬರುವ ಮಕ್ಕಳು ಇವರೇ.

ಇದಕ್ಕಿಂತ ಸೂಕ್ಷ್ಮವಾದುದು ಜಾತಿ ಪ್ರಮಾಣಪತ್ರ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಪಟ್ಟಿಗಳನ್ನು ಸಂವಿಧಾನದ 341 ಮತ್ತು 342ನೆಯ ವಿಧಿಗಳಂತೆ ರಾಜ್ಯವಾರು ಪ್ರಕಟಿಸಲಾಗಿದೆ. ಒಂದು ರಾಜ್ಯದ ಪಟ್ಟಿಯಲ್ಲಿರುವ ಸಮುದಾಯ ಇನ್ನೊಂದರಲ್ಲಿ ಇರಬೇಕೆಂದಿಲ್ಲ. ಎರಡರಲ್ಲೂ ಇದ್ದರೂ, ವಲಸೆ ಬಂದವರಿಗೆ ಹೊಸ ರಾಜ್ಯದ ಮೀಸಲಾತಿಯ ಸೌಲಭ್ಯ ತಾನಾಗಿ ದೊರೆಯುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1990ರಲ್ಲಿ ಸ್ಪಷ್ಟಪಡಿಸಿದೆ. ಅವರ ಪರಿಶಿಷ್ಟ ಸ್ಥಾನ ಮೂಲ ರಾಜ್ಯಕ್ಕೆ ಸಂಬಂಧಿಸಿದ್ದು. ತಂದೆಗೆ ಮೂಲ ರಾಜ್ಯದಲ್ಲಿ ಸಿಕ್ಕ ಪ್ರಮಾಣಪತ್ರವನ್ನು ಆಧರಿಸಿ ಮಕ್ಕಳಿಗೆ ಇಲ್ಲಿ ಪ್ರಮಾಣಪತ್ರ ದೊರೆತರೂ ಅದರಲ್ಲಿ ಮೂಲ ರಾಜ್ಯದ ಉಲ್ಲೇಖವಿರುತ್ತದೆ. ಇದು ತಿಳಿಯದೆ ‘ಸ್ಟೈಪೆಂಡು ಖಂಡಿತ ಸಿಗುತ್ತದೆ’ ಎಂದು ಭರವಸೆ ಕೊಟ್ಟ ಅಧ್ಯಾಪಕರು ಮುಂದೆ ಆ ಕುಟುಂಬದ ಮುಖ ನೋಡಲಾರದ ಸ್ಥಿತಿಗೆ ಬರುತ್ತಾರೆ. ಮದುವೆಯಾಗಿ ಬಂದ ಸೊಸೆಯ ವಿಷಯದಲ್ಲೂ ಒಂದು ಮಾತು: ಜಾತಿಯ ಸ್ಥಾನ ಹುಟ್ಟಿನಿಂದ ಬರುವಂಥದು, ವಿವಾಹದಿಂದ ಬದಲಾಗುವುದಿಲ್ಲ. ಹೀಗಾಗಿ ಅವರ ಪ್ರಮಾಣಪತ್ರಕ್ಕೆ ತವರಿನ ದಾಖಲೆಗಳೇ ಆಧಾರ. ಗಡಿ ದಾಟುವ ಮೊದಲು ಆ ದಾಖಲೆಗಳನ್ನು ಸಂಗ್ರಹಿಸಿಕೊಂಡರೆ ಮುಂದೆ ಪ್ರಯಾಸವಿಲ್ಲ.

ಅಕ್ಕಿ, ಆರೋಗ್ಯ, ಕಸ, ವಾಹನ

ಪಡಿತರವು ಮನುಷ್ಯನೊಂದಿಗೆ ಬರುವ ಹಕ್ಕುಗಳಲ್ಲಿ ಒಂದು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ವ್ಯಾಪ್ತಿಗೆ ಬರುವ, ಆಧಾರ್ ಜೋಡಿಸಿದ ಕಾರ್ಡು ಇದ್ದರೆ ‘ಒಂದು ದೇಶ, ಒಂದು ರೇಶನ್ ಕಾರ್ಡು’ ವ್ಯವಸ್ಥೆಯಲ್ಲಿ ಕರ್ನಾಟಕದ ಕಾರ್ಡಿಗೆ ಕಾಸರಗೋಡಿನ ರೇಶನ್ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟು ಧಾನ್ಯ ಪಡೆಯಬಹುದು. ಕುಟುಂಬದ ಅರ್ಧ ಜನ ಊರಲ್ಲಿದ್ದರೆ ಪಾಲನ್ನು ಅಲ್ಲಿ ಸ್ವಲ್ಪ, ಇಲ್ಲಿ ಸ್ವಲ್ಪ ಎಂದು ಪಡೆಯುವುದಕ್ಕೂ ಅವಕಾಶವಿದೆ. ಆದರೆ ಮೂಲ ರಾಜ್ಯದ ಸರಕಾರ ತನ್ನ ಕಡೆಯಿಂದ ಸೇರಿಸಿಕೊಡುವ ಹೆಚ್ಚುವರಿ ಭಾಗ ಇಲ್ಲಿ ಸಿಗುವುದಿಲ್ಲ. ಈ ಕಾಯ್ದೆಯ ಹೊರಗಿನ ಕಾರ್ಡುಗಳಿಗೂ ಈ ಸೌಲಭ್ಯವಿಲ್ಲ. ಕಾಯಂ ಆಗಿ ನೆಲೆಸುವವರ ಕ್ರಮ ಬೇರೆ. ಒಬ್ಬರ ಹೆಸರು ಎರಡು ಕಾರ್ಡುಗಳಲ್ಲಿ ಇರುವಂತಿಲ್ಲ; ತವರಿನ ಕಾರ್ಡಿನಿಂದ ಹೆಸರು ತೆಗೆಸಿದ ದಾಖಲೆಯೊಡನೆ ಸೊಸೆಯ ಹೆಸರನ್ನು ಇಲ್ಲಿನ ಕಾರ್ಡಿಗೆ ಸೇರಿಸಬೇಕು. ಇದು ತಾಲೂಕು ಸಪ್ಲೈ ಆಫೀಸಿನ ಕೆಲಸ. ಕೇರಳದ ಕಾರ್ಡುಗಳಿಗೆ ನಾಲ್ಕು ಬಣ್ಣ: ಅಂತ್ಯೋದಯಕ್ಕೆ ಹಳದಿ, ಆದ್ಯತಾ ವರ್ಗಕ್ಕೆ ಗುಲಾಬಿ, ಆದ್ಯತೆಯಿಲ್ಲದ ಸಬ್ಸಿಡಿ ವರ್ಗಕ್ಕೆ ನೀಲಿ, ಉಳಿದವರಿಗೆ ಬಿಳಿ. ಶಾಲೆಯ ಹಲವು ಅರ್ಜಿಗಳಲ್ಲಿ ಈ ಬಣ್ಣವನ್ನೇ ಕೇಳುವುದರಿಂದ ಹೊಸಬರಿಗೆ ಅದರ ಅರ್ಥ ತಿಳಿಸಿಕೊಡಬೇಕು.

ಆರೋಗ್ಯಕ್ಕೆ ಹತ್ತಿರದ ಉಪಕೇಂದ್ರ, ಅದರ ಮೇಲೆ ಕುಟುಂಬ ಆರೋಗ್ಯ ಕೇಂದ್ರ. ಮಕ್ಕಳ ಲಸಿಕೆ ಉಚಿತ; ಎಲ್ಲಿಂದ ಬಂದವರಿಗೂ ಕೊಡುತ್ತಾರೆ. ಕರ್ನಾಟಕದ ತಾಯಿ ಕಾರ್ಡನ್ನು ತಂದರೆ ಮುಂದಿನ ಲಸಿಕೆ ಯಾವುದೆಂದು ನೋಡುವುದು ಸುಲಭ. ಆರು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ಬಾಣಂತಿಯರಿಗೆ ಅಂಗನವಾಡಿಯ ಪೂರಕ ಆಹಾರವಿದೆ. ಶಾಲೆಗೆ ಸೇರಿದ ಅಕ್ಕನ ಸೊಂಟದಲ್ಲಿ ಎರಡು ವರ್ಷದ ತಮ್ಮ ಕಂಡರೆ, ಅವನಿಗೆ ಅಂಗನವಾಡಿ ಎಲ್ಲಿದೆಯೆಂದು ತಾಯಿಗೆ ಹೇಳುವುದೇ ಅಕ್ಕನ ಹಾಜರಾತಿಗೂ ಮದ್ದು.

ಕೇರಳದ ಪಂಚಾಯತುಗಳಲ್ಲಿ ಪ್ಲಾಸ್ಟಿಕ್ ಮುಂತಾದ ಕೊಳೆಯದ ಕಸವನ್ನು ಹರಿತ ಕರ್ಮ ಸೇನೆಯ ಮಹಿಳೆಯರು ಮನೆಮನೆಯಿಂದ ಸಂಗ್ರಹಿಸುತ್ತಾರೆ. ಅದಕ್ಕೆ ಪಂಚಾಯತು ನಿಗದಿ ಮಾಡಿದ ಶುಲ್ಕವಿದೆ. ಕಸವನ್ನು ಸುಡುವುದು, ರಸ್ತೆಬದಿಗೆ ಎಸೆಯುವುದು ದಂಡಕ್ಕೆ ಗುರಿಯಾಗುವ ಅಪರಾಧ. ಹೊಸಬರು ಮೊದಲು ಎಡವುವುದು ಇಲ್ಲಿ. ನೆರೆಯವರೊಡನೆ ಮೊದಲ ಮನಸ್ತಾಪವೂ ಇದರಿಂದಲೇ ಹುಟ್ಟುತ್ತದೆ.

ಕರ್ನಾಟಕದ ನೋಂದಣಿಯ ವಾಹನವನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಹೊಸ ನೋಂದಣಿ ಸಂಖ್ಯೆ ಪಡೆಯಬೇಕೆಂದು ಮೋಟಾರು ವಾಹನ ಕಾಯ್ದೆಯ 47ನೆಯ ಪ್ರಕರಣ ಹೇಳುತ್ತದೆ. ಅದಕ್ಕೆ ಮೂಲ ಆರ್.ಟಿ.ಒ. ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು. ಮತದಾರರ ಪಟ್ಟಿಯ ವಿಷಯದಲ್ಲಿ ಕೇರಳದಲ್ಲಿ ಎರಡು ಪಟ್ಟಿಗಳಿವೆ: ಲೋಕಸಭೆ ಮತ್ತು ವಿಧಾನಸಭೆಗೆ ಒಂದು, ಪಂಚಾಯತು ಮತ್ತು ನಗರಸಭೆಗೆ ರಾಜ್ಯ ಚುನಾವಣಾ ಆಯೋಗ ಸಿದ್ಧಪಡಿಸುವ ಇನ್ನೊಂದು. ಒಂದರಲ್ಲಿ ಹೆಸರಿದ್ದರೆ ಇನ್ನೊಂದರಲ್ಲೂ ಇದೆಯೆಂದು ಭಾವಿಸಬಾರದು.

ತುರ್ತಿಗೆ ಬೇಕಾದ ಸಂಖ್ಯೆಗಳು ನಾಲ್ಕು: ಪೊಲೀಸು ಮತ್ತು ಯಾವುದೇ ತುರ್ತಿಗೆ 112, ಆಂಬುಲೆನ್ಸಿಗೆ 108, ಮಕ್ಕಳ ರಕ್ಷಣೆಗೆ 1098, ವಿದ್ಯುತ್ ದೂರಿಗೆ 1912. ಇವು ಪ್ರತಿ ತರಗತಿಯ ಗೋಡೆಯಲ್ಲಿ ಕನ್ನಡ ಅಕ್ಷರಗಳಲ್ಲಿ ಬರೆದಿರಲಿ.

ಕನ್ನಡದಲ್ಲಿ ಕೇಳುವ ಹಕ್ಕು

ಕಚೇರಿಯ ಫಲಕ, ನಮೂನೆ, ಸುತ್ತೋಲೆ ಮಲಯಾಳದಲ್ಲಿರುವಾಗ ಹೊಸಬರು ಬಾಯಿ ಕಟ್ಟಿದವರಂತಾಗುತ್ತಾರೆ. ಊರಿನ ಹಿರಿಯ ಕನ್ನಡಿಗರಿಗೂ ಈ ಅನುಭವ ಇಲ್ಲದೆ ಇಲ್ಲ. ಆದರೆ ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯು ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಒಂದು ಸ್ಪಷ್ಟ ಅವಕಾಶ ಕೊಟ್ಟಿದೆ. ಅವರು ಸೆಕ್ರೆಟೇರಿಯಟ್, ಇಲಾಖಾ ಮುಖ್ಯಸ್ಥರು, ಹಾಗೂ ತಾವು ಹೆಚ್ಚಾಗಿ ವಾಸಿಸುವ ಪ್ರದೇಶದ ಸರಕಾರಿ ಕಚೇರಿಗಳೊಡನೆ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ಮಾಡಬಹುದು. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಸಂವಿಧಾನದ 350ನೆಯ ವಿಧಿಯು ಕುಂದುಕೊರತೆಯ ಅರ್ಜಿಯನ್ನು ಕೇಂದ್ರ ಇಲ್ಲವೆ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಕೊಡುತ್ತದೆ. 1956ರಲ್ಲಿ ಸೇರಿದ 350ಎ ವಿಧಿಯು ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಅನುಕೂಲ ಕಲ್ಪಿಸಲು ರಾಜ್ಯ ಮತ್ತು ಸ್ಥಳೀಯ ಸಂಸ್ಥೆಗಳು ಪ್ರಯತ್ನಿಸಬೇಕೆನ್ನುತ್ತದೆ.

ಬಳಸದ ಹಕ್ಕು ಕಪಾಟಿನಲ್ಲಿಟ್ಟ ಬೀಗದ ಕೈಯಂತೆ. ಕನ್ನಡದಲ್ಲಿ ಅರ್ಜಿ ಬಂದರೆ ಮಾತ್ರ ಕಚೇರಿಗೆ ಕನ್ನಡ ಬಲ್ಲ ಸಿಬ್ಬಂದಿಯ ಅಗತ್ಯ ಕಾಣುತ್ತದೆ. ಜೊತೆಗೆ ಹೊಸ ಕುಟುಂಬ ದಿನಬಳಕೆಯ ಮಲಯಾಳವನ್ನು ಕಲಿಯುವುದೂ ಒಳಿತು. ಬಸ್ಸಿನ ಫಲಕ, ಔಷಧದ ಚೀಟಿ ಕಾನೂನಿಗಾಗಿ ಕಾಯುವುದಿಲ್ಲ. ಏಳು ಭಾಷೆಗಳ ಸಂಗಮಭೂಮಿ ಎನಿಸಿಕೊಂಡ ನಾಡಿನಲ್ಲಿ ಒಂದು ಭಾಷೆ ಹೆಚ್ಚು ಕಲಿತವರಿಗೆ ನಷ್ಟವಾದ ಉದಾಹರಣೆಯಿಲ್ಲ.

ನಿಯಮವೋ, ರೂಢಿಯೋ?

ಕಚೇರಿಯಲ್ಲಿ ಕೇಳಿದ ಪ್ರತಿ ಮಾತೂ ನಿಯಮವಲ್ಲ. ಕೆಲವು ರೂಢಿ, ಕೆಲವು ಹಿಂದಿನ ಸುತ್ತೋಲೆಯ ನೆನಪು, ಕೆಲವು ಕೇವಲ ಅಭಿಪ್ರಾಯ. ಇವನ್ನು ಬೇರ್ಪಡಿಸಲು ವಿನಯದಿಂದ ಮೂರು ಪ್ರಶ್ನೆ ಕೇಳಿದರೆ ಸಾಕು.

ಮೊದಲನೆಯದು: ‘ಇದು ಈ ಕಚೇರಿಯ ಕೆಲಸವೇ? ಅಲ್ಲವಾದರೆ ಯಾವುದರದು?’ ಎರಡನೆಯದು: ‘ಬೇಕಾದ ಕಾಗದಗಳ ಪಟ್ಟಿ ಎಲ್ಲಿ ಬರೆದಿದೆ?’ ಪಂಚಾಯತುಗಳು ತಮ್ಮ ಸೇವೆಗಳು, ಶರತ್ತುಗಳು, ಕಾಲಮಿತಿಗಳನ್ನು ತಿಳಿಸುವ ಪೌರ ಸನ್ನದನ್ನು ಪ್ರಕಟಿಸಬೇಕೆಂದು ಕೇರಳ ಪಂಚಾಯತು ರಾಜ್ ಕಾಯ್ದೆಯಲ್ಲೇ ಇದೆ. ಮೂರನೆಯದು: ‘ಎಷ್ಟು ದಿನ ಬೇಕು? ರಶೀದಿ ಕೊಡುವಿರಾ?’ ಕೇರಳದ 2012ರ ಸೇವಾ ಹಕ್ಕು ಕಾಯ್ದೆಯಂತೆ ಪ್ರಕಟಿತ ಸೇವೆಗಳಿಗೆ ಹೊಣೆಗಾರ ಅಧಿಕಾರಿ, ಕಾಲಮಿತಿ, ಮೇಲ್ಮನವಿಯ ಅಧಿಕಾರಿ ನಿಗದಿಯಾಗಿದ್ದಾರೆ. ರಶೀದಿಯ ದಿನಾಂಕ ಇಲ್ಲದಿದ್ದರೆ ಕಾಲಮಿತಿಯ ಲೆಕ್ಕ ಹಿಡಿಯುವಂತಿಲ್ಲ.

ಆದರೂ ಉತ್ತರ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಿದೆ. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಬರಬೇಕು. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ. ಬರೆಯಲಾಗದವರ ಬಾಯಿಮಾತಿನ ಕೋರಿಕೆಯನ್ನು ಬರಹಕ್ಕಿಳಿಸಲು ಮಾಹಿತಿ ಅಧಿಕಾರಿಯೇ ನೆರವಾಗಬೇಕು.

ಅಧ್ಯಾಪಕರ ಪಾತ್ರಕ್ಕೂ ಒಂದು ಎಲ್ಲೆಯಿದೆ. ದಾರಿ ತೋರಿಸುವುದು ಅವರ ಕೆಲಸ, ಮಧ್ಯವರ್ತಿಯಾಗುವುದಲ್ಲ. ಇನ್ನೊಬ್ಬರ ಪರವಾಗಿ ಸಹಿ ಹಾಕುವುದು, ಇಲ್ಲದ ವಿಳಾಸವನ್ನು ದೃಢೀಕರಿಸುವುದು, ಕುಟುಂಬದ ಆಧಾರ್ ಪ್ರತಿಗಳನ್ನು ಮೇಜಿನ ಡ್ರಾಯರಿನಲ್ಲಿ ಇಟ್ಟುಕೊಳ್ಳುವುದು ಸಲ್ಲದು. ತಿಳಿಯದುದನ್ನು ‘ಕೇಳಿ ಹೇಳುತ್ತೇನೆ’ ಎಂದರೆ ಗೌರವಕ್ಕೆ ಕುಂದಿಲ್ಲ.

ತರಗತಿಯಲ್ಲಿ: ನಮ್ಮ ವಾರ್ಡಿನ ಕೈಪುಟ

ಈ ತಿಳಿವಳಿಕೆಯನ್ನು ಆರು, ಏಳನೆಯ ತರಗತಿಯ ಮಕ್ಕಳು ಕನ್ನಡ ಮತ್ತು ಸಮಾಜ ವಿಜ್ಞಾನದ ಚಟುವಟಿಕೆಯಾಗಿ ಸಂಗ್ರಹಿಸಬಹುದು.

1. ಮಕ್ಕಳನ್ನು ನಾಲ್ಕು ಗುಂಪು ಮಾಡುವುದು: ಪಂಚಾಯತು, ವಿಲೇಜ್ ಆಫೀಸು, ಆರೋಗ್ಯ ಮತ್ತು ಅಂಗನವಾಡಿ, ರೇಶನ್ ಮತ್ತು ವಿದ್ಯುತ್.

2. ಪ್ರತಿ ಗುಂಪು ಮನೆಯ ಹಿರಿಯರನ್ನು ಕೇಳಿ, ಅಧ್ಯಾಪಕರೊಡನೆ ಒಮ್ಮೆ ಕಚೇರಿಗೆ ಹೋಗಿ, ನಾಲ್ಕು ಅಂಕಣಗಳನ್ನು ತುಂಬುವುದು: ಕೆಲಸ, ಕಚೇರಿ ಮತ್ತು ದಾರಿ, ಬೇಕಾದ ಕಾಗದ, ಈ ಮಾಹಿತಿಯನ್ನು ಪರಿಶೀಲಿಸಿದ ತಿಂಗಳು. ಕೊನೆಯ ಅಂಕಣವನ್ನು ಬಿಡುವಂತಿಲ್ಲ. ಶುಲ್ಕ, ನಮೂನೆ, ಕಚೇರಿಯ ಸ್ಥಳ ಬದಲಾಗುತ್ತವೆ. ಪಂಚಾಯತುಗಳ ಅನೇಕ ಸೇವೆಗಳು 2025ರಲ್ಲಿ ‘ಕೆ-ಸ್ಮಾರ್ಟ್’ ವ್ಯವಸ್ಥೆಗೆ ಬದಲಾದುದು ಇದಕ್ಕೆ ಸಾಕ್ಷಿ.

3. ಕಚೇರಿಯ ಫಲಕದ ಮಲಯಾಳ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದು ಪಕ್ಕದಲ್ಲಿ ಅರ್ಥ ಬರೆಯುವುದು. ಹತ್ತಿಪ್ಪತ್ತು ಪದಗಳ ಈ ಪಟ್ಟಿಯೇ ಹೊಸಬರಿಗೆ ದೊಡ್ಡ ಆಸರೆ.

4. ಕನ್ನಡದಲ್ಲಿ ಒಂದು ಮಾದರಿ ಅರ್ಜಿ ಬರೆಯುವುದು. ದಾರಿದೀಪ ಉರಿಯದ ಬಗ್ಗೆ ಪಂಚಾಯತಿಗೆ ಬರೆದ ನಿಜವಾದ ಅರ್ಜಿಯಾದರೆ ಇನ್ನೂ ಚೆನ್ನು. ಉತ್ತರ ಬಂದ ದಿನ ತರಗತಿಯಲ್ಲಿ ಅದನ್ನು ಓದಬೇಕು.

5. ಎಲ್ಲವನ್ನೂ ಒಂದು ಹಾಳೆಯ ಎರಡು ಬದಿಗೆ ಇಳಿಸಿ, ಪ್ರವೇಶ ಪುಸ್ತಕದ ಜೊತೆ ಇಡುವುದು. ಹೊಸ ಮಗು ಬಂದಾಗ ಪ್ರವೇಶದ ಕಾಗದದೊಡನೆ ಈ ಹಾಳೆಯ ಒಂದು ಪ್ರತಿ ತಂದೆತಾಯಿಯ ಕೈಗೆ ಹೋಗಲಿ. ಅದರಲ್ಲಿ ಖಾಸಗಿ ವ್ಯಕ್ತಿಗಳ ದೂರವಾಣಿ ಸಂಖ್ಯೆ ಬೇಡ. ಕಚೇರಿಯ ಸಂಖ್ಯೆಗಳು ಸಾಕು.

ಮೌಲ್ಯಮಾಪನದಲ್ಲಿ ಅಕ್ಷರದ ಅಂದಕ್ಕಿಂತ ಮಾಹಿತಿಯ ಖಚಿತತೆಗೆ ಹೆಚ್ಚು ಅಂಕ ಸಲ್ಲಬೇಕು. ‘ಯಾರು ಹೇಳಿದರು, ಯಾವಾಗ ಹೇಳಿದರು’ ಎಂದು ಬರೆದ ಮಗು ದೊಡ್ಡ ಪಾಠವನ್ನೇ ಕಲಿತಿದೆ.

ಕನ್ನಡ ವಿಭಾಗಗಳಲ್ಲಿ ಮಕ್ಕಳ ಸಂಖ್ಯೆಯ ಚಿಂತೆ ಇಲ್ಲದ ಶಾಲೆ ಗಡಿನಾಡಿನಲ್ಲಿ ವಿರಳ. ಆರನೆಯ ಶಾಲಾ ದಿನದ ಲೆಕ್ಕ ಬರುವಾಗ ಒಂದೊಂದು ತಲೆಯನ್ನೂ ಎಣಿಸುವ ಅಧ್ಯಾಪಕರಿಗೆ, ನವೆಂಬರಿನಲ್ಲಿ ಜಗಲಿಗೆ ಬಂದ ಮಗು ಆ ವರ್ಷದ ಲೆಕ್ಕಕ್ಕೆ ಸೇರದಿರಬಹುದು. ಆದರೆ ತನ್ನ ತಾಯಿಗೆ ರೇಶನ್ ಅಂಗಡಿಯ ದಾರಿ ತೋರಿಸಿದ ಶಾಲೆಯನ್ನು ಆ ಕುಟುಂಬ ಮರೆಯುವುದಿಲ್ಲ. ಮರುವರ್ಷ ಅದೇ ಕ್ವಾರಿಗೆ ಬಂದ ಪಕ್ಕದ ಊರಿನವರು ನೇರವಾಗಿ ಅದೇ ಜಗಲಿಗೆ ಬರುತ್ತಾರೆ. ಕೈಯಲ್ಲಿ ಕಳೆದ ವರ್ಷದ ಕೈಪುಟ ಮಡಚಿಟ್ಟುಕೊಂಡಿರುತ್ತಾರೆ. ಆಗ ಅಧ್ಯಾಪಕರು ಮಾಡಬೇಕಾದುದು ಇಷ್ಟೇ: ಹಾಳೆಯ ಕೊನೆಯ ಅಂಕಣದ ತಿಂಗಳನ್ನು ನೋಡಿ, ಬದಲಾದುದನ್ನು ತಿದ್ದಿ, ಮಗುವನ್ನು ತರಗತಿಗೆ ಕಳಿಸುವುದು.